ಆತ್ಮ ಒರಿಜಿನಲ್ಲು ಸಾರ್

ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಹಳೇ ಕಾರು ಮಾರುವವರೊಬ್ಬರಿದ್ದಾರೆ. ಅವರೆದುರು ಹಾಗೆನ್ನುವಂತಿಲ್ಲ. ‘ಮಾರೋದಲ್ಲ ಸಾರ್, ಒಳ್ಳೇ ಮನೆ ನೋಡಿ ಸೇರಿಸೋದು’ ಎಂದು ಹೆಣ್ಣು ಹೆತ್ತವರ ಧಾಟಿಯಲ್ಲಿ ತಿದ್ದುತ್ತಾರೆ. ಹೆಸರೇನೋ ಇದೆ. ಆದರೆ ಹಾವನೂರು ಸರ್ಕಲ್ಲಿನಿಂದ ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳ ತನಕ ಎಲ್ಲರ ಬಾಯಲ್ಲೂ ಅವರು ಒರಿಜಿನಲ್ ಅಣ್ಣ.

ಬೆಂಗಳೂರಿನ ಪಶ್ಚಿಮಕ್ಕೆ ಇಂಥವರು ಬಡಾವಣೆಗೊಬ್ಬರು. ವಿಜಯನಗರದವರದು ಆರ್‌ಎಕ್ಸ್ 100. ಆ 98 ಸಿಸಿ ಬೈಕು ನಿಂತದ್ದು 1996ರಲ್ಲಿ. ಆದರೂ ಮಾರಾಟಕ್ಕೆ ಬಂದ ಪ್ರತಿಯೊಂದರಲ್ಲೂ ‘ಜಪಾನ್ ಎಂಜಿನ್ನೇ’ ಇರುತ್ತದೆ. ಜಪಾನಿನವರು ಇಷ್ಟೊಂದು ಎಂಜಿನ್ ನಮಗೇ ಕಳಿಸಿ ತಾವು ಯಾವುದರಲ್ಲಿ ಓಡಾಡಿದರೋ. ಕೆಂಗೇರಿಯವರ ಹತ್ತಿರ ಯೆಜ್ಡಿ. ಮೈಸೂರಿನ ಯಾದವಗಿರಿ ಫ್ಯಾಕ್ಟರಿಯ ಗೇಟಿನಿಂದ ಅವರ ಸೋದರಮಾವನೇ ಓಡಿಸಿಕೊಂಡು ಬಂದದ್ದು. ನಮ್ಮ ಅಣ್ಣನ ಆರಾಧ್ಯದೈವ ಕಾಂಟೆಸ್ಸಾ.

ಈ ಕಾರಿಗೆ ಈಗಿನ ಹುಡುಗರು ಇಂಡಿಯಾದ ಮಸಲ್ ಕಾರ್ ಅನ್ನುತ್ತಾರೆ. ಉದ್ದ ಮೂತಿ, ಅಗಲ ಬೆನ್ನು, ನಿಂತ ನಿಲುವಿನಲ್ಲೇ ಒಂದು ಗತ್ತು, ಎಲ್ಲ ಸರಿ. ಮಸಲ್ಲಿನ ಮಾತು ಬೇರೆ. 1984ರಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ಇದನ್ನು ಹೊರತಂದಾಗ ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದು, ಒಳಗಿದ್ದದ್ದು ಅಂಬಾಸಡರಿನ 1489 ಸಿಸಿ ಎಂಜಿನ್, ಶಕ್ತಿ ಸುಮಾರು 50 ಕುದುರೆ. ಅಮೆರಿಕದ ಮಸಲ್ ಕಾರುಗಳ ಹಿರಿಯಣ್ಣ ಎನಿಸಿಕೊಂಡ ಪಾಂಟಿಯಾಕ್ ಜಿಟಿಒ 1964ರಲ್ಲೇ 325 ಕುದುರೆ ಕಟ್ಟಿಕೊಂಡು ಬಂದಿತ್ತು. ನಮ್ಮದು ಐವತ್ತರಲ್ಲಿ ಏದುಸಿರು ಬಿಟ್ಟದ್ದು ನೋಡಲಾರದೆ ಕಂಪನಿಯವರು ಮುಂದೆ ಜಪಾನಿನ ಇಸುಜು 1817 ಸಿಸಿ ಎಂಜಿನ್ ಹಾಕಿದರು. ಆಗ ಕಾರು ನಿಜಕ್ಕೂ ಚೆನ್ನಾಯಿತು. 2002ಕ್ಕೆ ಮುಗಿಯಿತು. ಇಂಗ್ಲೆಂಡಿನ ಮೈ, ಜಪಾನಿನ ಎದೆ, ಬಂಗಾಳದ ಉತ್ತರಪಾಡಾದಲ್ಲಿ ಹುಟ್ಟು. ಇಂಥ ಕಾರಿನ ವಿಷಯದಲ್ಲಿ ‘ಒರಿಜಿನಲ್’ ಎಂದು ಎದೆ ತಟ್ಟಿಕೊಳ್ಳಲು ಬೇರೆಯದೇ ಧೈರ್ಯ ಬೇಕು. ಅಣ್ಣನಿಗೆ ಅದು ಹೇರಳವಾಗಿದೆ.

ಅವರ ಮಾತಿಗೊಂದು ಸಿದ್ಧಪಾಠವಿದೆ. ಒಬ್ಬರೇ ಓನರ್. ಆ ಓನರ್ ಡಾಕ್ಟರು. ಡಾಕ್ಟರು ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ ಬಿಟ್ಟರೆ ಎಲ್ಲೂ ಹೋದವರಲ್ಲ. ಅದಕ್ಕೇ ಮೀಟರಿನಲ್ಲಿ ನಲವತ್ತೆರಡು ಸಾವಿರ. ಮೀಟರಿಗೆ ಐದೇ ಅಂಕಿ ಎಂಬುದನ್ನೂ, ಲಕ್ಷ ದಾಟಿದರೆ ಅದು ಸೊನ್ನೆಯಿಂದ ಹೊಸ ಬಾಳು ಶುರುಮಾಡುತ್ತದೆ ಎಂಬುದನ್ನೂ ಅವರು ಹೇಳುವುದಿಲ್ಲ. ಬ್ರೇಕ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಇಣುಕುತ್ತಿದ್ದರೆ, ‘ಡಾಕ್ಟರು ಸ್ವಲ್ಪ ಭಾರ ಇದ್ರು.’

ಈ ನಾಟಕದಲ್ಲಿ ನನಗೂ ಒಂದು ಪಾತ್ರವಿದೆ, ಸಾಕ್ಷಿಯದು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕೂತು ಸಾಲದ ಅರ್ಜಿಗಳ ಸಹಿ ತಾಳೆ ನೋಡಿದವನು ನಾನು. ಕಾರಿನ ಬಗ್ಗೆ ತಿಳಿದಿರುವುದು ಅದು ನನ್ನ ಗೇಟಿಗೆ ಅಡ್ಡ ನಿಂತಿರುತ್ತದೆ ಎಂಬುದಷ್ಟೇ. ಆದರೂ ಗಿರಾಕಿ ಬಂದಾಗ ಅಣ್ಣ ಕಾಂಪೌಂಡಿನ ಮೇಲಿಂದ ಕೂಗುತ್ತಾರೆ, ‘ಸಾರ್ ಬ್ಯಾಂಕಿನೋರು, ಸುಳ್ಳು ಹೇಳೋ ಜನ ಅಲ್ಲ, ಕೇಳಿ ಬೇಕಾದ್ರೆ.’ ನಾನು ಬನಿಯನ್ನಿನಲ್ಲಿ ಹೊರಬಂದು, ಹೂಂ ಎಂದೂ ಅಲ್ಲ ಉಹೂಂ ಎಂದೂ ಅಲ್ಲದ ಒಂದು ಶಬ್ದ ಹೊರಡಿಸಿ ಒಳಹೋಗುತ್ತೇನೆ. ಪೇಪರ್ ಓದುವ ಹೊತ್ತು ಅಲ್ಲಿಗೆ ಮುಗಿಯಿತು.

ಹೀಗೊಂದು ಭಾನುವಾರ ಬೆಳಿಗ್ಗೆ ಏಳಕ್ಕೆ ವೈಟ್‌ಫೀಲ್ಡ್ ಕಡೆಯಿಂದ ಒಬ್ಬ ಹುಡುಗ ಬಂದ. ವಿನಯವಂತ, ಆದರೆ ಓದಿಕೊಂಡು ಬಂದಿದ್ದ. ಜೇಬಿನಿಂದ ‘ಗೋವಾ’ ಎಂದು ಬರೆದಿದ್ದ ಒಂದು ಫ್ರಿಜ್ ಮ್ಯಾಗ್ನೆಟ್ ತೆಗೆದು, ಪೇಂಟಿಗೆ ಗೀರು ಬೀಳದಂತೆ ಕರವಸ್ತ್ರದ ಮೇಲಿಟ್ಟು ಕಾರಿನ ಮೈಮೇಲೆಲ್ಲ ಆಡಿಸತೊಡಗಿದ. ಬಾನೆಟ್ ಹಿಡಿಯಿತು. ಟಾಪ್ ಹಿಡಿಯಿತು. ಹಿಂದಿನ ಎಡಗಡೆ ಬಾಗಿಲಿಗೆ ಬಂದಾಗ ಗೋವಾ ಮೆಲ್ಲಗೆ ಜಾರಿ ಮೋರಿಗೆ ಬಿತ್ತು. ಕೆಳಗೆ ತಗಡಿಗಿಂತ ಪುಟ್ಟಿಯೇ ದಪ್ಪವಿದೆ ಎಂದು ಅರ್ಥ.

‘ಆ ಕಡೆ ಬಿಸಿಲು ಜಾಸ್ತಿ ಸಾರ್. ಕಾದ ತಗಡಿಗೆ ಮ್ಯಾಗ್ನೆಟ್ ಹಿಡಿಯಲ್ಲ’ ಎಂದರು ಅಣ್ಣ. ಸೂರ್ಯ ಇನ್ನೂ ಎದುರು ಮನೆಯ ನೀರಿನ ಟ್ಯಾಂಕಿನ ಹಿಂದಿದ್ದ.

ಹುಡುಗ ಮೋರಿಯಿಂದ ಗೋವಾ ಎತ್ತಿಕೊಂಡು ಬಾನೆಟ್ ತೆಗೆಸಿದ. ಆರ್‌ಸಿ ಬುಕ್ ಕೇಳಿದ. ಆರ್‌ಸಿಯಲ್ಲಿ 1489 ಸಿಸಿ. ಬಾನೆಟ್ಟಿನ ಕೆಳಗೆ ಬೆಚ್ಚಗೆ ಕೂತಿದ್ದದ್ದು ಇಸುಜು. ಎಂಜಿನ್ ನಂಬರಿಗೂ ಪುಸ್ತಕಕ್ಕೂ ಸಂಬಂಧವೇ ಇರಲಿಲ್ಲ. ಎಂಜಿನ್ ಬದಲಾಯಿಸಿದರೆ ಆರ್‌ಟಿಒದಲ್ಲಿ ಬರೆಸಬೇಕು, ಬರೆಸದಿದ್ದರೆ ನಾಳೆ ಎಫ್‌ಸಿಗೆ ಹೋದಾಗ ಸಿಕ್ಕಿಬೀಳುವವನು ತಾನು ಎಂದು ಹುಡುಗ ಮೆತ್ತಗೆ ಹೇಳಿದ. ‘ಎಂಜಿನ್ ಬೇರೇದು, ಗೇರ್‌ಬಾಕ್ಸ್ ಬೇರೇದು, ಪೇಂಟ್ ಮೊನ್ನೆಮೊನ್ನೆದು. ಹಾಗಾದ್ರೆ ಒರಿಜಿನಲ್ ಯಾವುದು ಅಣ್ಣ?’

ಅಣ್ಣ ಕಾರಿನ ನೆತ್ತಿಯ ಮೇಲೆ ಕೈಯಿಟ್ಟರು. ‘ಆತ್ಮ ಸಾರ್. ಆತ್ಮ ಒರಿಜಿನಲ್ಲು.’

ಅದ್ವೈತದ ಈ ಎತ್ತರಕ್ಕೆ ಮ್ಯಾಗ್ನೆಟ್ ಏರುವುದಿಲ್ಲ. ಹುಡುಗ ಕಾಫಿ ಕುಡಿದು ಹೋದ.

ಆಮೇಲೆ ನಾನು ಕೇಳಿದೆ: ಎಂಜಿನ್ ಬದಲಾಗಿದೆ, ಒಂದು ಬಾಗಿಲು ಪುಟ್ಟಿ, ಚಾಸಿ ಗಟ್ಟಿ ಎಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರೆ ಏನು ಕಷ್ಟ? ‘ಹೇಳ್ದೆ ಸಾರ್ ಒಂದ್ಸಲ. ಇವನೇ ಬಾಯಿಬಿಟ್ಟು ಇಷ್ಟು ಒಪ್ಕೋತಾನೆ ಅಂದ್ರೆ ಇನ್ನೆಷ್ಟು ಮುಚ್ಚಿಟ್ಟಿರಬೇಕು ಅಂತ ಐವತ್ತು ಸಾವಿರ ಕಮ್ಮಿಗೆ ಕೇಳಿದ್ರು. ಪಕ್ಕದ ಬೀದೀಲಿ ತುಕ್ಕು ಹಿಡಿದ ಗಾಡಿನ ಶೋರೂಮ್ ಪೀಸ್ ಅಂತ ಮಾರಿದ್ದ, ಅದನ್ನ ತಗೊಂಡ್ ಹೋದ್ರು.’ 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಹಳೇ ಕಾರಿನ ವ್ಯಾಪಾರವನ್ನೇ ಮುಂದಿಟ್ಟುಕೊಂಡು ಬರೆದದ್ದು ಹೆಚ್ಚುಕಡಿಮೆ ಇದೇ: ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಒಳ್ಳೇ ಗಾಡಿಗೂ ಕೆಟ್ಟ ಗಾಡಿಯ ಬೆಲೆಯೇ ಬಂದು, ಒಳ್ಳೇದು ಸಂತೆಯಿಂದಲೇ ಕಾಲ್ತೆಗೆಯುತ್ತದೆ. ಅವನಿಗೆ 2001ರಲ್ಲಿ ನೊಬೆಲ್ ಬಂತು. ಅಣ್ಣನಿಗೆ ಇನ್ನೂ ಬಂದಿಲ್ಲ.

ಹಾಗೆಂದು ನಾನು ಪೂರ್ತಿ ಒಪ್ಪುವವನಲ್ಲ. ಆ ಜಿಟಿಒ ಕೂಡ ಮೊದಲೆರಡು ವರ್ಷ ಸ್ವತಂತ್ರ ಮಾಡೆಲ್ ಆಗಿರಲಿಲ್ಲ, ಲೆಮಾನ್ಸ್ ಎಂಬ ಕಾರಿಗೆ ಮೇಲೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಪ್ಯಾಕೇಜು. ಹಾಗಾಗಿ ಸಾದಾ ಲೆಮಾನ್ಸಿಗೆ ವೇಷ ಹಾಕಿ ಜಿಟಿಒ ಎಂದು ದಾಟಿಸುವವರು ಅಲ್ಲೂ ಹುಟ್ಟಿಕೊಂಡರು. ಆದರೆ ‘ಇದು ಕ್ಲೋನ್’ ಎಂದು ಬಾಯಿಬಿಟ್ಟು ಹೇಳಿ ಮಾರುವವರೂ ಅಲ್ಲಿದ್ದಾರೆ, ತಿಳಿದೇ ಕೊಳ್ಳುವವರೂ ಇದ್ದಾರೆ. ಓಡಿಸುವ ಖುಷಿಗೆ ಕೊಳ್ಳುವವನಿಗೆ ಇಸುಜು ಎಂಜಿನ್ನಿನ ಹಳೇ ಕಾಂಟೆಸ್ಸಾ ಇನ್ನೂ ಮೇಲು. ಅದನ್ನು ಹಾಗೆಂದು ಹೇಳಿ ಮಾರಲು ನಾಲಿಗೆ ಯಾಕೆ ಹೊರಳಬಾರದು?

ಮಜಾ ಏನೆಂದರೆ, ನಿಜವಾಗಿ ಒರಿಜಿನಲ್ ಆಗಿರುವುದನ್ನು ಅಣ್ಣ ಮೊದಲು ಕಿತ್ತುಹಾಕುತ್ತಾರೆ. ಒಂದು ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ಕು ಸಿಕ್ಕಿತ್ತು, ರಟ್ಟು ಬಿಟ್ಟುಹೋದದ್ದು. ಓನರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಹಾಕಿಸಿದ ಪೆಟ್ರೋಲು, ಓಡಿದ ಕಿಲೋಮೀಟರು ಬರೆದಿಟ್ಟಿದ್ದರು. ಮಧ್ಯೆ ‘ಧರ್ಮಸ್ಥಳ, ಮಗುವಿನ ಮುಡಿ’, ‘ಶಿರಾಡಿಯಲ್ಲಿ ರೇಡಿಯೇಟರ್ ಬಿಸಿ’. ಲೆಕ್ಕ ಕೂಡಿದರೆ ಮೀಟರು ಒಮ್ಮೆಯಲ್ಲ, ಎರಡು ಸಲ ಸೊನ್ನೆ ದಾಟಿತ್ತು. ಗಿರಾಕಿ ಕೈಗೆ ಅದನ್ನು ಕೊಡುವುದುಂಟೆ? ಬಿಸಾಡಿದರೂ ಅಂದುಕೊಂಡಿದ್ದೆ. ಆಮೇಲೊಮ್ಮೆ ಅವರ ಬೀರು ತೆರೆದಿದ್ದಾಗ ಕಂಡಿತು. ಇಂಥವೇ ಇನ್ನೂ ಅನೇಕ ಪುಸ್ತಕ, ಸರ್ವಿಸ್ ಬಿಲ್ಲು, ಮಾಸಿದ ಕುಟುಂಬದ ಫೋಟೋ, ಎಲ್ಲ ರಬ್ಬರ್ ಬ್ಯಾಂಡ್ ಹಾಕಿ, ಮೇಲೊಂದೊಂದು ಚೀಟಿಯಲ್ಲಿ ಕಾರಿನ ನಂಬರು. ‘ಎಸೆಯೋಕೆ ಮನಸ್ಸು ಬರಲ್ಲ ಸಾರ್.’ ಅವರ ಸರಕಿನಲ್ಲಿ ಮಾರಾಟಕ್ಕಿಲ್ಲದ್ದು ಅದೊಂದೇ.

2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. 20,000 ರೂಪಾಯಿ ಶುಲ್ಕ, ನಂಬರಿನಲ್ಲಿ ‘ವಿಎ’ ಅಕ್ಷರ. ಅಣ್ಣ ಪೇಪರ್ ಹಿಡಿದುಕೊಂಡೇ ಬಂದರು. ಮೊದಲ ಕಾಂಟೆಸ್ಸಾಗೆ ಐವತ್ತು ತುಂಬುವುದು 2034ಕ್ಕೆ ಎಂದೆ. ‘ಕಾಯೋಣ ಬಿಡಿ ಸಾರ್.’ ಮೂಲರೂಪದ ಮಾತು ಇಬ್ಬರೂ ಎತ್ತಲಿಲ್ಲ.

ಬೈಯಲು ಹೊರಟಾಗೆಲ್ಲ ನನಗೆ ಅಡ್ಡ ಬರುವುದು ಒಂದು ರಾತ್ರಿ. ಅಮ್ಮನಿಗೆ ಎದೆನೋವು ಬಂದು, ಆಂಬ್ಯುಲೆನ್ಸು ಬರುವ ಸೂಚನೆಯೇ ಇಲ್ಲದಾಗ, ಲುಂಗಿಯಲ್ಲೇ ಓಡಿಬಂದವರು ಅಣ್ಣ. ಕಾಂಟೆಸ್ಸಾ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಕಾಲು ಚಾಚಿ ಮಲಗಿಕೊಂಡೇ ಬಂದಳು. ಪೆಟ್ರೋಲಿನ ದುಡ್ಡು ಕೊಡಹೋದರೆ ಮಾತು ಬಿಟ್ಟರು, ಒಂದು ವಾರ.

ಆ ಕಾರು ಹೊಸೂರಿನ ಕಡೆ ಎಲ್ಲೋ ಹೋಗಿ ಕಾಲವಾಯಿತು. ಆದರೆ ಅದರ ಕಥೆಯನ್ನು ಅಣ್ಣ ಇಟ್ಟುಕೊಂಡಿದ್ದಾರೆ. ಬಂದ ಕಾರಿಗೆಲ್ಲ ಕೂರಿಸುತ್ತಾರೆ. ಹೋದ ತಿಂಗಳು ಒಂದು ಪದ್ಮಿನಿ ನಿಂತಿತ್ತು, ಬಂದು ಎರಡು ವಾರವೂ ಆಗಿರಲಿಲ್ಲ. ತುಮಕೂರಿನ ದಂಪತಿಗಳು ನೋಡಲು ಬಂದಿದ್ದರು. ‘ಜೀವ ಉಳಿಸಿದ ಗಾಡಿ ಸಾರ್ ಇದು. ಎದುರುಮನೆ ಅಮ್ಮಾವ್ರು ಇದೇ ಸೀಟಲ್ಲಿ ಮಲಗಿ ಆಸ್ಪತ್ರೆಗೆ ಹೋಗಿದ್ದು.’ ಪದ್ಮಿನಿಯ ಹಿಂದಿನ ಸೀಟಿನಲ್ಲಿ ನಮ್ಮಮ್ಮ ಕಾಲು ಚಾಚಬೇಕಾದರೆ ಬಾಗಿಲು ತೆರೆದಿಡಬೇಕು. ಈ ಸಲ ಹೇಳಿಯೇಬಿಡುತ್ತೇನೆ ಎಂದು ನಾನು ಚಪ್ಪಲಿ ಮೆಟ್ಟುತ್ತಿದ್ದೆ.

ಅಷ್ಟರಲ್ಲಿ ಮಹಡಿಯಿಂದ ಅಮ್ಮನ ದನಿ ಬಂತು. ‘ಹೌದಪ್ಪಾ, ಇದೇ ಗಾಡಿ. ಕುಲುಕಾಟ ಅನ್ನೋದೇ ಇಲ್ಲ, ಕಣ್ಮುಚ್ಚಿ ತಗೊಳ್ಳಿ.’