ಲೈಟಣ್ಣ

ಹಗಲು ಹೊತ್ತು ಬೈಕಿನಲ್ಲಿ ಹೋಗುವಾಗ ಎದುರಿಗೆ ಬರುವವರು ಒಂದು ಕೈ ಎತ್ತಿ, ಐದೂ ಬೆರಳು ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿ ತೋರಿಸುತ್ತಾರಲ್ಲ, ‘ಲೈಟು ಉರೀತೈತೆ ನೋಡಪ್ಪೋ’ ಅಂತ, ಅದಕ್ಕೆ ನಾವು ನೀವು ತಲೆಯಾಡಿಸಿ ಮುಂದೆ ಹೋಗುತ್ತೇವೆ. ನಮ್ಮೂರ ಲೈಟಣ್ಣ ಹಾಗೆ ಬಿಡುವ ಆಸಾಮಿಯಲ್ಲ. ಗಾಡಿ ತಿರುಗಿಸಿಕೊಂಡು ಹೋಗಿ, ಸನ್ನೆ ಮಾಡಿದವನನ್ನು ಅಡ್ಡಗಟ್ಟಿ, ‘2017ನೇ ಇಸ್ವಿ ಏಪ್ರಿಲ್ ಒಂದನೇ ತಾರೀಖಿಂದ ಹೊಸಾ ಗಾಡಿಗೆ ಲೈಟು ಆರ್ಸೋ ಸ್ವಿಚ್ಚೇ ಇಲ್ಲ ಕಣಣ್ಣ. ಕಾನೂನು. ಹಗಲೂ ಉರೀಬೇಕು’ ಎಂದು ಶುರು ಮಾಡಿದರೆ ಮುಗಿಯಿತು. ಹೋದ ವರ್ಷ ಹೀಗೆ ಸಿಕ್ಕಿಬಿದ್ದವನು ಬೈಕಿನ ಎರಡೂ ಬದಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಹೊರಟಿದ್ದ. ಪಾಠ ಮುಗಿದಾಗ ಡೇರಿ ಬಾಗಿಲು ಹಾಕಿತ್ತು. ಆ ಹಾಲನ್ನೆಲ್ಲ ಅವರ ಮನೆಯಲ್ಲಿ ಮೊಸರು ಮಾಡಿದರು ಅಂತ ಕೇಳಿದೆ.

ಲೈಟಣ್ಣನ ನಿಜವಾದ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೂ ತಿಪ್ಪಸಂದ್ರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದು ಮತದಾರರ ಪಟ್ಟಿಯಲ್ಲಿ ಮಾತ್ರ ಇದೆ.

ತಿಪ್ಪಸಂದ್ರ ಎಂದ ಕೂಡಲೇ ಬೆಂಗಳೂರಿನವರು ಇಂದಿರಾನಗರದ ಪಕ್ಕದ ತಿಪ್ಪಸಂದ್ರ ಎಂದುಕೊಳ್ಳುತ್ತಾರೆ. ನಮ್ಮದು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ, ಹೋಬಳಿ ಕೇಂದ್ರ, ರಾಗಿ, ತೆಂಗು, ಅಡಿಕೆ ಬೆಳೆಯುವ ಊರು. ಈ ಗೊಂದಲದಿಂದ ಅತಿ ಹೆಚ್ಚು ನಷ್ಟ ಅನುಭವಿಸಿದವನು ಲೈಟಣ್ಣನೇ. ಅವನು ಮೊಬೈಲಿನಲ್ಲಿ ಆರ್ಡರ್ ಮಾಡಿದ ಮೊದಲ ಎಲ್‌ಇಡಿ ಬಲ್ಬು ಆ ತಿಪ್ಪಸಂದ್ರಕ್ಕೆ ಹೋಗಿ, ಅಲ್ಲಿ ಯಾರೋ ಫೋನು ಎತ್ತಿ ‘ನಮ್ಮದು ಕಾರು’ ಎಂದು ವಾಪಸು ಕಳಿಸಿದರಂತೆ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾದ ಮೇಲಂತೂ ವಿಳಾಸ ಬರೆಯುವುದೇ ಕಷ್ಟವಾಗಿದೆ. ಕೊರಿಯರ್ ಹುಡುಗನಿಗೆ ದಾರಿ ಹೇಳುವಾಗ ಲೈಟಣ್ಣ ಕೆಂಪೇಗೌಡರಿಂದ ಶುರುಮಾಡುತ್ತಾನೆ.

ಅವನಿಗೆ ಈ ಲೈಟಿನ ಹುಚ್ಚು ಹತ್ತಿದ್ದು ಒಂದು ಹುರುಳಿ ಕಣದಿಂದ. ನಮ್ಮ ಕಡೆ ಸುಗ್ಗಿಯಲ್ಲಿ ಸೆಗಣಿ ಸಾರಿಸಿ ಕಣ ಮಾಡುವ ಪುರುಸೊತ್ತು ಈಗ ಯಾರಿಗಿದೆ? ಟಾರು ರಸ್ತೆಯ ಮೇಲೇ ರಾಗಿ, ಹುರುಳಿ ಹರಡುವುದು, ಬಸ್ಸು ಲಾರಿಗಳು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಡುವುದು. ಗಾಡಿಗಳು ಪಕ್ಕಕ್ಕೆ ಸರಿಯದಿರಲಿ ಎಂದು ಅಂಚಿಗೆ ಸಾಲಾಗಿ ಸೈಜುಗಲ್ಲು. ಕತ್ತಲಾದ ಮೇಲೆ ಹುರುಳಿ ಗಿಡದ ಬಣ್ಣವೂ ರಸ್ತೆಯ ಬಣ್ಣವೂ ಒಂದೇ. ಲೈಟಣ್ಣ ಒಂದು ರಾತ್ರಿ ಮಾಗಡಿಯಿಂದ ಬರುವಾಗ ಬ್ರೇಕು ಒತ್ತಿದ್ದೇ ತಪ್ಪಾಯಿತು. ಗಾಡಿ ಸಾರಿಸಿದ ಹಾಗೆ ಜಾರಿ, ಅವನು ಹುರುಳಿಯ ಮೇಲೆ ಮಲಗಿದ. ಕಣದವನು ಓಡಿ ಬಂದು ಮೊದಲು ನೋಡಿದ್ದು ಎಷ್ಟು ಹುರುಳಿ ಚೆಲ್ಲಿತು ಎಂದು. ಮಂಡಿ ತರಚಿಕೊಂಡಿದ್ದ ನಮ್ಮವನು ಅಂದೇ ಶಪಥ ಮಾಡಿದ: ‘ಇನ್ಮೇಲೆ ನನ್ ಕಣ್ಣಿಗೆ ಕಾಣ್ದೆ ಇರೋದು ಯಾವ್ದೂ ಈ ರೋಡಲ್ಲಿ ಇರಕೂಡ್ದು.’

ಶಪಥಕ್ಕೆ ನ್ಯಾಯ ಇಲ್ಲವೆನ್ನಲಾರೆ. ನನ್ನ ಕಾಲದ್ದು ಮೈಸೂರಿನಲ್ಲಿ ತಯಾರಾದ ಜಾವಾ, ಆರು ವೋಲ್ಟಿನದು. ಬ್ಯಾಟರಿ ಕೊಂಚ ಸೊರಗಿದರೆ ಸಾಕು, ಗಾಡಿ ನಿಧಾನಿಸಿದಂತೆ ಬೆಳಕೂ ಕೆಂಪಗಾಗಿ ಊದುಬತ್ತಿಯಷ್ಟು ಉಳಿಯುತ್ತಿತ್ತು. ಮುಂದೆ ಹಳ್ಳ ಇದೆಯೋ ನೋಡಬೇಕಾದರೆ ಆಕ್ಸಲರೇಟರ್ ಏರಿಸಬೇಕು. ಏರಿಸಿದರೆ ಹಳ್ಳ ಕಾಣುತ್ತಿತ್ತು, ಆದರೆ ಅಷ್ಟರಲ್ಲಿ ನಾವು ಅದರೊಳಗಿರುತ್ತಿದ್ದೆವು. ಈಗಲೂ ಹಿಂದಿನ ಲೈಟಿಲ್ಲದ ಹುಲ್ಲಿನ ಟ್ರ್ಯಾಕ್ಟರು, ಬಣ್ಣ ಬಳಿಯದ ಹಂಪು, ರಸ್ತೆ ಮಧ್ಯೆ ಬೆಚ್ಚಗೆ ಮಲಗುವ ನಾಯಿ, ಆಗೀಗ ಚಿರತೆ, ಎಲ್ಲವೂ ಇದ್ದೇ ಇವೆ.

ಮೊದಲ ಹಂತದಲ್ಲಿ ಲೈಟಣ್ಣ ಕಂಪನಿ ಕೊಟ್ಟ 35 ವ್ಯಾಟಿನ ಬಲ್ಬು ಕಿತ್ತು 60/55ರ ಹ್ಯಾಲೊಜೆನ್ ತಂದ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ತಂದದ್ದು. ಬಲ್ಬಿನ ಕಿವಿ ಹೋಲ್ಡರಿಗೆ ಕೂರಲಿಲ್ಲ; ಜಗಲಿಯ ಮೇಲೆ ಕೂತು ಅರದಿಂದ ಉಜ್ಜಿದ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬು ಬೇಗ ಸಾಯುತ್ತದೆ. ಇದನ್ನು ಅವನು ಮನೆಯವರಿಗೆಲ್ಲ ಬಿಡಿಸಿ ಹೇಳಿದ. ಅವರವ್ವ ಒಂದೇ ಮಾತಿನಲ್ಲಿ ಅರ್ಥ ಮಾಡಿಕೊಂಡರು: ‘ಮಡಿ ಬಲ್ಬು ಅನ್ನು.’

ಬಲ್ಬೇನೋ ದೊಡ್ಡದಾಯಿತು, ಬೆಳಕು ಹಳದಿಯಾಗೇ ಉಳಿಯಿತು. ಆಗ ಅವನು ನನ್ನ ಹತ್ತಿರ ಬಂದ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ನಿವೃತ್ತನಾದ ಮೇಲೆ ನನ್ನನ್ನು ಪ್ರಶ್ನೆ ಕೇಳುವ ಏಕೈಕ ವಿದ್ಯಾರ್ಥಿ ಅವನು. ಕಂಪನಿಯ ಸಣ್ಣ ವೈರು, ಹ್ಯಾಂಡಲಿನ ಸ್ವಿಚ್ಚು ಎಲ್ಲ ಹಾದು ಬರುವಷ್ಟರಲ್ಲಿ ವೋಲ್ಟೇಜು ಇಳಿಯುತ್ತದೆ, ವೋಲ್ಟೇಜು ಹತ್ತು ಪರ್ಸೆಂಟ್ ಇಳಿದರೆ ಬೆಳಕು ಹತ್ತಿರ ಹತ್ತಿರ ಮೂವತ್ತು ಪರ್ಸೆಂಟ್ ಇಳಿಯುತ್ತದೆ ಎಂದೆ. ‘ಗೊತ್ತಾಯ್ತು ಬುಡಿ ಮೇಷ್ಟ್ರೇ, ಟಿಸಿಯಿಂದ ದೂರ ಇರೋ ಬೋರ್‌ವೆಲ್ ಮೋಟ್ರು ಗೊರಗೊರ ಅಂತದಲ್ಲ, ಹಂಗೇಯ’ ಎಂದ. ರಿಲೇ ಹಾಕು ಎಂದೆ. ಅದನ್ನು ವಿವರಿಸಲು ನಾನು ಬಾಯಿ ತೆರೆಯುವ ಮುಂಚೆಯೇ, ‘ಪಂಪ್‌ಸೆಟ್ ಸ್ಟಾರ್ಟ್ರು. ಬಟನ್ನು ಒತ್ತೋದು ಒಸಿ ಕರೆಂಟು, ಒಳಗೆ ಹರಿಯೋದು ಜಾಸ್ತಿ ಕರೆಂಟು’ ಎಂದುಬಿಟ್ಟ. ಇಷ್ಟು ಬೇಗ ಅರ್ಥ ಮಾಡಿಕೊಂಡ ಹುಡುಗ ನನ್ನ ಕ್ಲಾಸಿನಲ್ಲಿ ಒಬ್ಬನೂ ಇರಲಿಲ್ಲ. ಇವನೂ ನನ್ನ ಕ್ಲಾಸಿನಲ್ಲೇ ಇದ್ದ, ಎರಡು ಸಲ.

ರಿಲೇ ಹಾಕಿದ. ನಾಲ್ಕು ಕಾಲಿನ ಕಪ್ಪು ಡಬ್ಬಿ, ಬ್ಯಾಟರಿಯಿಂದ ನೇರ ದಪ್ಪ ವೈರು, ಮಧ್ಯೆ ಒಂದು ಫ್ಯೂಸು. ಜೊತೆಗೆ, ಗಾಡಿ ಆಫಾಗಿದ್ದರೂ ಬೆಳಕು ಬರುವ ಹಾಗೆ ಟ್ಯಾಂಕಿನ ಪಕ್ಕ ಒಂದು ಗುಟ್ಟಿನ ಸ್ವಿಚ್ಚು. ಇದು ನಾನು ಹೇಳಿದ್ದಲ್ಲ, ಮುಂದೆ ಲೆಕ್ಕಕ್ಕೆ ಬರುತ್ತದೆ. ಅವತ್ತು ರಾತ್ರಿ ಬೆಳಕು ನಿಜಕ್ಕೂ ಹಾಲಿನಂತೆ ಬಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಅವನು ಬರೀ ಜಾಣನಾಗಿ ಉಳಿಯುತ್ತಿದ್ದ.

ಮರುದಿನ ಹೆಡ್‌ಲೈಟು ಬಿಚ್ಚಿ ಜಗಲಿಯಲ್ಲಿಟ್ಟು ಟೀ ಕುಡಿಯಲು ಹೋಗಿದ್ದಾನೆ. ಮಗನಿಗೆ ಬೆಳಕಿನ ಮೇಲೆ ಎಷ್ಟು ಆಸೆ ಎಂದು ತಾಯಿಕರುಳು ಕಂಡಿತ್ತು. ಒಳಗಿನ ಬೆಳ್ಳಿ ಬಟ್ಟಲಿನಂಥ ರಿಫ್ಲೆಕ್ಟರಿನ ಮೇಲೆ ಧೂಳು. ಅವ್ವ ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ತೆಗೆದುಕೊಂಡು ಹಬ್ಬದ ತಂಬಿಗೆ ಬೆಳಗಿದ ಹಾಗೆ ಬೆಳಗಿಟ್ಟರು. ಅದು ಬೆಳ್ಳಿಯೂ ಅಲ್ಲ, ಹಿತ್ತಾಳೆಯೂ ಅಲ್ಲ. ಉಸಿರು ಬಿಟ್ಟರೆ ಹೋಗುವಷ್ಟು ತೆಳು ಅಲ್ಯೂಮಿನಿಯಂ ಲೇಪ. ಲೈಟಣ್ಣ ಬಂದು ನೋಡಿದಾಗ ಅದರ ಜಾಗದಲ್ಲಿ ಬೂದು ಬಣ್ಣದ ಪ್ಲಾಸ್ಟಿಕ್ ಬಾಣಲೆ ಇತ್ತು, ಅತ್ಯಂತ ಸ್ವಚ್ಛವಾದ ಬಾಣಲೆ. ‘ಎಷ್ಟ್ ಕೊಳೆ ಬಿಡ್ತಪ್ಪ ಅದು, ಬೆಳ್ಳಗೆ ಬತ್ತಾನೇ ಇತ್ತು’ ಎಂದು ಅವ್ವ ಸುಸ್ತಾದ ಕೈ ತೋರಿಸಿದರು. ಹೊಸ ಹೆಡ್‌ಲೈಟಿಗೆ ದುಡ್ಡು ಹೊಂದಿಸಲು ತೆಂಗಿನಕಾಯಿ ಹೋಯಿತು.

ಹೊಸ ಹೆಡ್‌ಲೈಟು ಬಂದದ್ದೇ ಅವನು ಎಲ್‌ಇಡಿಗೆ ಹಾರಿದ. ರಿಫ್ಲೆಕ್ಟರಿನ ಗುಳಿ ಹ್ಯಾಲೊಜೆನ್ನಿನ ಒಳಗೆ ಉರಿಯುವ ತಂತಿಯ ಎಳೆ ಎಲ್ಲಿ ಕೂರುತ್ತದೋ ಅದಕ್ಕೆ ಲೆಕ್ಕ ಹಾಕಿ ಮಾಡಿದ್ದು, ಬೆಳಕಿನ ಮೂಲ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೆಳಕು ರಸ್ತೆ ಬಿಟ್ಟು ಆಕಾಶಕ್ಕೆ ಹೋಗುತ್ತದೆ, ಅಗ್ಗದ ಎಲ್‌ಇಡಿಯಲ್ಲಿ ಆಗುವುದೇ ಅದು ಎಂದು ತಿಳಿಹೇಳಿದೆ. ಹ್ಯಾಲೊಜೆನ್ ಕೂರಿಗೆ ಬಿತ್ತನೆ, ನಿನ್ನದು ಎರಚು ಬಿತ್ತನೆ ಎಂದೆ. ‘ಎರಚಿದ್ರೂ ಬೆಳೀತದೆ ಮೇಷ್ಟ್ರೇ’ ಎಂದ. ಜೊತೆಗೆ ಕ್ರ್ಯಾಶ್ ಗಾರ್ಡಿಗೆ ಎರಡು ಫಾಗ್ ಲೈಟು. ನಮ್ಮೂರಲ್ಲಿ ಮಂಜು ಬೀಳುವುದು ಧನುರ್ಮಾಸದ ನಾಲ್ಕು ಬೆಳಗು; ಆ ನಾಲ್ಕೂ ದಿನ ಅವನು ಎಂಟು ಗಂಟೆಗೆ ಏಳುತ್ತಾನೆ.

ಆಮೇಲಿನ ದಿನಗಳನ್ನು ಊರು ಮರೆತಿಲ್ಲ. ರಾತ್ರಿ ಅವನು ಎದುರಿಗೆ ಬಂದರೆ ಸೈಕಲ್ಲಿನವರು ಇಳಿದು ನಿಲ್ಲುತ್ತಿದ್ದರು, ನಡೆಯುವವರು ಕಣ್ಣಿಗೆ ಕೈ ಅಡ್ಡ ಹಿಡಿದು ಅವನ ವಂಶವನ್ನು ನೆನೆಯುತ್ತಿದ್ದರು. ಒಂದು ರಾತ್ರಿ ಬೇಲಿಯಲ್ಲಿ ಎರಡು ಹಸಿರು ಕಣ್ಣು ಕಂಡವಂತೆ. ಚಿರತೆ ಎಂದು ಫೋನು ಮಾಡಿ ಅರ್ಧ ಊರನ್ನು ದೊಣ್ಣೆ ಸಮೇತ ಕರೆಸಿದ. ಮೇಕೆಯ ಕಣ್ಣಿನ ಹಿಂದೆಯೂ ಚಿರತೆಯದರಂತೆ ಹೊಳೆಯುವ ಪದರ ಇರುತ್ತದೆ ಎಂಬುದು ಅವತ್ತು ಊರಿಗೆಲ್ಲ ತಿಳಿಯಿತು. ಮೇಕೆ ನನ್ನದೇ.

‘ಡಿಮ್ ಮಾಡ್ಲಾ’ ಎಂದು ಯಾರಾದರೂ ಕೂಗಿದರೆ ಅವನು ನಿಜಕ್ಕೂ ಡಿಮ್ ಮಾಡುತ್ತಿದ್ದ. ಆ ಎಲ್‌ಇಡಿಯಲ್ಲಿ ಡಿಮ್ಮಿಗೂ ಬ್ರೈಟಿಗೂ ವ್ಯತ್ಯಾಸ ಗೊತ್ತಾಗುತ್ತಿದ್ದದ್ದು ಅವನೊಬ್ಬನಿಗೇ.

2024ರ ಜುಲೈ ಹೊತ್ತಿಗೆ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟಿನ ವಾಹನಗಳ ಮೇಲೆ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ನಿನಲ್ಲಿ ಕೇಸು ಹಾಕತೊಡಗಿದರು. ಮೊದಲ ಸಲಕ್ಕೆ 500 ರೂಪಾಯಿ. ಲೈಟಣ್ಣ ರಸೀದಿಯನ್ನು ನನ್ನ ಮುಂದೆ ಹಿಡಿದು, ‘ಅರ್ಧ ಕಿಲೋಮೀಟ್ರಿಂದ್ಲೇ ಹಿಡುದ್ರು ಮೇಷ್ಟ್ರೇ’ ಎಂದ. ಆ ದೂರದ ಬಗ್ಗೆ ಅವನಿಗೆ ಅಷ್ಟು ಹೆಮ್ಮೆ ಇತ್ತು. ನಾನು 1989ರ ಕೇಂದ್ರ ಮೋಟಾರು ವಾಹನ ನಿಯಮ ಹೇಳಿದೆ: ದೀಪದಿಂದ ಎಂಟು ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಅವನು ಒಳಗೆ ಹೋಗಿ ಟೇಪು ತಂದು ಹೆಂಡತಿಯನ್ನು ಅಳೆದ. ಕಣ್ಣು ಸರಿಯಾಗಿ ಒಂದೂವರೆ ಮೀಟರಿಗೆ ಬಂತು. ‘ನೀನೇ ಕಾನೂನು ಕಣೇ’ ಎಂದ. ‘ಅದು ಇವತ್ತು ಗೊತ್ತಾಯ್ತಾ?’ ಎಂದಳು ಆಕೆ.

ಮತ್ತೆ ಹ್ಯಾಲೊಜೆನ್ ಬಂತು. ಒಂದು ಸಂಜೆ ಶಾಲೆಯ ಕಾಂಪೌಂಡ್ ಗೋಡೆಯ ಮುಂದೆ ಇಪ್ಪತ್ತೈದು ಅಡಿ ದೂರಕ್ಕೆ ಗಾಡಿ ನಿಲ್ಲಿಸಿ, ಹೆಡ್‌ಲೈಟಿನ ಮಧ್ಯದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದೆವು. ಡಿಮ್ಮಿನ ಬೆಳಕಿನ ಮೇಲಂಚು ಆ ಗೆರೆಗಿಂತ ಎರಡು ಮೂರು ಬೆರಳು ಕೆಳಗೆ ಬರಬೇಕು. ಗಾಡಿಯ ಮೇಲೆ ಆಳು ಕೂತಿರಬೇಕು. ಹಿಂದೆ ಭಾರ ಬಿದ್ದರೆ ಮೂತಿ ಏಳುತ್ತದೆ, ಬೆಳಕೂ ಏಳುತ್ತದೆ. ಹಿಂದೆ ನಾನು ಕೂತೆ, ತೊಡೆಯ ಮೇಲೆ ಅರ್ಧ ಮೂಟೆ ಹಿಂಡಿ, ‘ಮಾಮೂಲಿ ಲೋಡು’ ಎಂಬ ಲೆಕ್ಕಕ್ಕೆ. ನಾನು ಪಾಠ ಹೇಳಿದ ಶಾಲೆಯ ಮುಂದೆ ಹಿಂಡಿ ಮೂಟೆ ತಬ್ಬಿ ಕೂತಿದ್ದನ್ನು ನೋಡಲು ಜನ ಸೇರಿದರು. ಲೈಟಣ್ಣ ಕೆಳಗಿನ ಸ್ಕ್ರೂ ತಿರುಗಿಸಿದ, ಅರ್ಧ ಸುತ್ತು, ಕಾಲು ಸುತ್ತು. ಬೆಳಕು ಗೋಡೆಯಿಂದ ಇಳಿದು ಗೆರೆಯ ಕೆಳಗೆ ಕೂತಿತು. ಇಷ್ಟೆಲ್ಲ ಖರ್ಚಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಸ್ಕ್ರೂ. ಅದು ಗಾಡಿಯ ಜೊತೆಗೇ ಬಂದದ್ದು.

ಫಾಗ್ ಲೈಟು ಮಾತ್ರ ಕೀಳಲಿಲ್ಲ. ‘ಇರ್ಲಿ ಬುಡಿ, ಆಪತ್ತಿಗೆ’ ಎಂದ.

ಆಪತ್ತು ಬಂದದ್ದು ಮೊನ್ನೆ ಮಾಘದ ಒಂದು ರಾತ್ರಿ. ಅವರ ಗಬ್ಬದ ಸೀಮೆಹಸು ನೋವು ತಿನ್ನುತ್ತಿತ್ತು, ಕರೆಂಟು ಹೋಗಿತ್ತು. ನಾನು ಹೋಗುವ ಹೊತ್ತಿಗೆ ಲೈಟಣ್ಣ ಬೈಕನ್ನು ಕೊಟ್ಟಿಗೆಯ ಬಾಗಿಲಿಗೆ ತಂದು ನಿಲ್ಲಿಸಿ, ಗುಟ್ಟಿನ ಸ್ವಿಚ್ಚು ಒತ್ತಿದ್ದ. ಕೊಟ್ಟಿಗೆ ಮದುವೆ ಮನೆಯಂತೆ ಬೆಳಗುತ್ತಿತ್ತು. ಗೂಟ, ಹಗ್ಗ, ಗೋಡೆಯ ಮೇಲಿನ ಹಲ್ಲಿ, ಹಸುವಿನ ಮೈಯ ಮೇಲಿನ ಒಂದೊಂದು ಕೂದಲು ಕಾಣುತ್ತಿತ್ತು. ಅವನ ಮುಖದಲ್ಲಿ ಇಷ್ಟು ವರ್ಷ ಕಾದದ್ದು ಸಾರ್ಥಕವಾದ ಕಳೆ. ಹಸು ಮಾತ್ರ ತಲೆ ಕೊಡವಿ ಕೊಡವಿ ಹಿಂದೆ ಸರಿಯಿತು. ಅವ್ವ ಕೂತಲ್ಲಿಂದಲೇ ಗದರಿದರು, ‘ಡಿಮ್ ಮಾಡ್ಲಾ ಅಯ್ಯ, ಅದರ ಕಣ್ಗೆ ಹೊಡೀತೈತೆ!’

ಅವನು ಡಿಮ್ ಮಾಡಿದ. ಅಷ್ಟೇ ಅಲ್ಲ, ಹೆಗಲ ಮೇಲಿನ ಟವಲನ್ನು ತೆಗೆದು ಫಾಗ್ ಲೈಟಿನ ಮೇಲೆ ಹೊದೆಸಿದ. ಆ ಮಬ್ಬಿನಲ್ಲಿ ಮೊದಲು ಎರಡು ಬಿಳಿ ಗೊರಸು ಬಂದವು, ಆಮೇಲೆ ಮೂತಿ; ಅವ್ವ ಒಂದೆಳೆತಕ್ಕೆ ಎಳೆದರು. ಕರು ಹುಲ್ಲಿನ ಮೇಲೆ ಬಿತ್ತು, ಸೀನಿತು. ಹೆಣ್ಣು. ಹಸು ನೆಕ್ಕುತ್ತಿರುವಾಗ ಎಲ್ಲರೂ ನೋಡುತ್ತಾ ಕೂತೆವು, ಬೆಳಕು ನಿಧಾನಕ್ಕೆ ಹಳದಿಯಾಗುತ್ತಾ ಬಂದದ್ದನ್ನು ನನ್ನ ಹೊರತು ಯಾರೂ ಗಮನಿಸಲಿಲ್ಲ. ಹೆಡ್‌ಲೈಟು ಐದು ಆಂಪಿಯರ್, ಫಾಗ್ ಲೈಟು ಎರಡೂ ಸೇರಿ ಮೂರು. ಬ್ಯಾಟರಿ ಎಂಟು ಆಂಪಿಯರ್-ಅವರ್. ಕಾಗದದ ಮೇಲೆ ಒಂದು ಗಂಟೆ. ಹಸು ಅದಕ್ಕಿಂತ ಜಾಸ್ತಿ ತೆಗೆದುಕೊಂಡಿತ್ತು.

ಬೆಳಗ್ಗೆ ಆರೂವರೆಗೆ ಲೈಟಣ್ಣ ಬೈಕು ತಳ್ಳಿಕೊಂಡು ಬಸ್‌ಸ್ಟ್ಯಾಂಡ್ ಕಡೆಗೆ ಹೊರಟಿದ್ದ. ಕಿಕ್ಕರ್ ಇಲ್ಲದ, ಬಟನ್ ಒತ್ತುವ ಇಂಜೆಕ್ಷನ್ ಗಾಡಿ. ಬ್ಯಾಟರಿ ಸತ್ತರೆ ತಳ್ಳಿದರೂ ಏಳುವುದಿಲ್ಲ. ಎದುರಿಗೆ ಅದೇ ಹಾಲಿನವನು ಕ್ಯಾನು ತೂಗಾಡಿಸಿಕೊಂಡು ಬಂದ. ಗಾಡಿ ನಿಲ್ಲಿಸಿ ಕೇಳಿದ, ‘ಯಾಕಣ್ಣ, ಪೆಟ್ರೋಲ್ ಖಾಲಿನಾ?’

ಲೈಟಣ್ಣ ನನ್ನ ಮುಖ ನೋಡಿದ. ನಾನು ಆಚೆ ತೆಂಗಿನಮರ ನೋಡಿದೆ.

‘ಹೂಂ ಕಣಣ್ಣ, ಪೆಟ್ರೋಲು.’

ಹಾಲಿನವನು ಒಳ್ಳೆಯ ಮನುಷ್ಯ. ಬಾಟ್ಲಿ ಹುಡುಕಿ, ತನ್ನ ಗಾಡಿಯ ಪೈಪು ಕಿತ್ತು, ಅರ್ಧ ಲೀಟರ್ ಇಳಿಸಿಕೊಟ್ಟ. ಲೈಟಣ್ಣ ತುಳುಕುತ್ತಿದ್ದ ಟ್ಯಾಂಕಿನ ಮುಚ್ಚಳವನ್ನು ಮೈ ಅಡ್ಡ ಹಿಡಿದು ತೆಗೆದು, ಅದನ್ನೂ ಒಳಗೆ ಸುರಿದುಕೊಂಡ. ಗಾಡಿ ಸ್ಟಾರ್ಟ್ ಆಗುವುದನ್ನು ನೋಡಿಕೊಂಡೇ ಹೋಗೋಣವೆಂದು ಆ ಪುಣ್ಯಾತ್ಮ ಅಲ್ಲೇ ನಿಂತ.

‘ನೀ ಹೋಗಣ್ಣ’ ಎಂದ ಲೈಟಣ್ಣ, ‘ಡೇರಿ ಬಾಗ್ಲು ಹಾಕ್ಬುಡ್ತಾರೆ.’