ಗೆದ್ದರೆ ಎಷ್ಟು ಕೊಡ್ತಾರೆ?

ಚೆನ್ನಾಗಿ ಈಜುವವನು ಈಜುಗಾರ, ಚೆನ್ನಾಗಿ ಓಡುವವನು ಓಟಗಾರ. ಈಜೂ ಅಷ್ಟಕ್ಕಷ್ಟೇ, ಓಟವೂ ಅಷ್ಟಕ್ಕಷ್ಟೇ, ಸೈಕಲ್ಲಂತೂ ಕೇಳಲೇಬೇಡಿ ಎನ್ನುವವನಿಗೆ ದೇವರು ಟ್ರಯಾಥ್ಲಾನ್ ಕೊಟ್ಟಿದ್ದಾನೆ. ಮೂರನ್ನೂ ಒಂದೇ ಬೆಳಿಗ್ಗೆ, ನಡುವೆ ಕೂರದೆ ಮುಗಿಸಿಬಿಟ್ಟರೆ ಯಾವುದನ್ನು ಹೇಗೆ ಮಾಡಿದ ಎಂದು ಯಾರೂ ಕೇಳುವುದಿಲ್ಲ. ‘ಅಬ್ಬಾ, ಮೂರನ್ನೂ!’ ಎನ್ನುತ್ತಾರೆ. ಐವತ್ತು ದಾಟಿದ, ಹೊಟ್ಟೆ ಸ್ವಲ್ಪ ಮುಂದೆ ಬಂದ ಚಾಮರಾಜಪೇಟೆಯ ಲೆಕ್ಕದ ಗುಮಾಸ್ತನಿಗೆ ಇದಕ್ಕಿಂತ ಅನುಕೂಲದ ಆಟ ಇನ್ನೊಂದಿಲ್ಲ.

ಅದರಲ್ಲೂ ನನ್ನದು ಡಾಂಬರಿನ ಟ್ರಯಾಥ್ಲಾನ್ ಅಲ್ಲ, ಮಣ್ಣಿನದು. ಆಫ್‌ರೋಡ್. ಕೆರೆಯಲ್ಲಿ ಈಜು, ಗುಡ್ಡದಲ್ಲಿ ಸೈಕಲ್ಲು, ಹೊಲದ ಬದುವಿನ ಮೇಲೆ ಓಟ. ಡಾಂಬರಿನವರು ನಮಗಿಂತ ಹಳಬರು. 1974ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದ ಓಟಗಾರರ ಕ್ಲಬ್ಬೊಂದು ಶುರುಮಾಡಿದ ಆಟ 2000ದಲ್ಲಿ ಸಿಡ್ನಿ ಒಲಿಂಪಿಕ್ಸ್ ಹೊಕ್ಕಿತು. ಈ ನಡುವೆ ಹವಾಯಿಯಲ್ಲಿ ಒಂದು ಜಗಳ ನಡೆಯಿತು: ಈಜುವವನು ಗಟ್ಟಿಗನೋ, ಓಡುವವನೋ, ಸೈಕಲ್ಲು ತುಳಿಯುವವನೋ? ನೌಕಾಪಡೆಯ ಜಾನ್ ಕಾಲಿನ್ಸ್ ಎಂಬಾತ, ಮೂರನ್ನೂ ಒಬ್ಬನ ಕೈಲೇ ಮಾಡಿಸಿ ನೋಡಿಬಿಡೋಣ ಎಂದ. 1978ರಲ್ಲಿ ಮೊದಲ ಐರನ್‌ಮ್ಯಾನ್‌ಗೆ 15 ಜನ ಹೊರಟರು, 12 ಜನ ಮುಗಿಸಿದರು. ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಮಣ್ಣಿನವರ ಎಕ್ಸ್‌ಟೆರಾ ಅದೇ ಹವಾಯಿಯ ಮಾವಿ ದ್ವೀಪದಲ್ಲಿ ಹುಟ್ಟಿದ್ದು 1996ರಲ್ಲಿ. ಒಂದೂವರೆ ಕಿ.ಮೀ. ಈಜು, ಸುಮಾರು 30 ಕಿ.ಮೀ. ಗುಡ್ಡಗಾಡಿನ ಸೈಕಲ್ಲು, ಸುಮಾರು 10 ಕಿ.ಮೀ. ಕಾಡುದಾರಿಯ ಓಟ. ಒಲಿಂಪಿಕ್ಸಿನಲ್ಲಿ ಸೈಕಲ್ಲು 40 ಕಿ.ಮೀ.; ನಮಗೆ ಹತ್ತು ರಿಯಾಯಿತಿ. ಆದರೆ ನಾವು ಆ ಮೂವತ್ತನ್ನು ಮುಗಿಸುವ ಹೊತ್ತಿಗೆ ಡಾಂಬರಿನವರು ತಮ್ಮ ನಲವತ್ತು ಮುಗಿಸಿ, ಓಟವನ್ನೂ ಮುಗಿಸಿ, ಎರಡನೇ ಕಾಫಿಯಲ್ಲಿರುತ್ತಾರೆ.

ನಮ್ಮ ಕಡೆ ಈ ಆಟದ ಹೆಸರು ಗೊತ್ತಿದ್ದವರೇ ಕಡಿಮೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಸಮುದ್ರದಲ್ಲಿ 1.9 ಕಿ.ಮೀ. ಈಜಿ, 90 ಕಿ.ಮೀ. ಸೈಕಲ್ಲು ತುಳಿದು, 21.1 ಕಿ.ಮೀ. ಓಡಿದ ಸುದ್ದಿ ಬಂದ ಮೇಲೆ ಬಸವನಗುಡಿಯಲ್ಲಿ ಎಲ್ಲರೂ ತಜ್ಞರಾದರು. ಅಲ್ಲಿಯವರೆಗೆ ನನ್ನನ್ನು ಕಂಡು ‘ಪಾಪ, ಡಾಕ್ಟ್ರು ಹೇಳಿರಬೇಕು’ ಎನ್ನುತ್ತಿದ್ದ ಗಾಂಧಿ ಬಜಾರಿನ ಗೆಳೆಯರು ಈಗ ದನಿ ತಗ್ಗಿಸಿ, ‘ಯಾವ ಪಾರ್ಟಿಯಿಂದ?’ ಎಂದು ಕೇಳತೊಡಗಿದರು.

ಅಭ್ಯಾಸಕ್ಕೆ ಸೈಕಲ್ಲಿಗಾದರೆ ತುರಹಳ್ಳಿ ಕಾಡಿನ ಕಡೆಯ ಕಲ್ಲುದಾರಿಗಳಿವೆ. ಓಟಕ್ಕೆ ಲಾಲ್‌ಬಾಗಿದೆ, ಬಂಡೆ ಹತ್ತಿ ಇಳಿದರೆ ಗುಡ್ಡದ ಶಾಸ್ತ್ರವೂ ಆಯಿತು. ಈಜಿನದೇ ಕಷ್ಟ. ಕೊಳದಲ್ಲಿ ತಳಕ್ಕೊಂದು ಗೆರೆ ಎಳೆದಿರುತ್ತಾರೆ, ಅದನ್ನು ನೋಡಿಕೊಂಡು ಹೋದರಾಯಿತು. ಕೆರೆಯಲ್ಲಿ ಗೆರೆಯಿಲ್ಲ. ಆಗಾಗ ಮೊಸಳೆಯ ಹಾಗೆ ತಲೆಯೆತ್ತಿ ದಡದ ಯಾವುದಾದರೂ ಮರವನ್ನು ಗುರುತಿಟ್ಟುಕೊಂಡು ಈಜಬೇಕು. ಅದನ್ನು ಕಲಿಯೋಣವೆಂದರೆ ನಮ್ಮ ಸುತ್ತಮುತ್ತಲಿನ ಕೆರೆಗಳೆಲ್ಲ ಬೇರೆ ಬೇರೆ ಉದ್ಯೋಗ ಹಿಡಿದಿವೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿದೆ. ನಮ್ಮ ಮನೆಗೆ ಎಲ್ಲಕ್ಕಿಂತ ಹತ್ತಿರವಿದ್ದ ಸಿದ್ದಿಕಟ್ಟೆಯ ಮೇಲೆ ಈಗ ಕೃಷ್ಣರಾಜ ಮಾರುಕಟ್ಟೆ ನಿಂತಿದೆ. 1928ರಿಂದ ಅಲ್ಲಿ ಈಜು ಬಂದ್. ಜೋರು ಮಳೆ ಬಂದ ಸಂಜೆ ಮಾತ್ರ ಕಟ್ಟೆಗೆ ತನ್ನ ಹಳೇ ಕಸುಬು ನೆನಪಾಗುವುದುಂಟು.

ಈಜಿಗೆ ಒದಗದಿದ್ದರೂ ಆ ಮಾರ್ಕೆಟ್ಟು ನನ್ನನ್ನು ಆಟಕ್ಕೆ ಸಜ್ಜುಗೊಳಿಸಿದ್ದು ನಿಜ. ಟ್ರಯಾಥ್ಲಾನಿಗೆ ಎಂದು ಬರೆದ ಯಾವ ಸಾಮಾನಿಗೂ ಮಾಮೂಲಿನ ನಾಲ್ಕು ಪಟ್ಟು ಬೆಲೆ. ಲೆಕ್ಕದ ಗುಮಾಸ್ತನ ಜೀವ ಅದಕ್ಕೆ ಒಪ್ಪುವುದಿಲ್ಲ. ಪಟ್ಟಿ ಬರೆದು, ಬಟ್ಟೆಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಟೆ.

ಈ ಆಟದಲ್ಲಿ ಮೂರು ಸ್ಪರ್ಧೆಗಳೆಂದು ಹೆಸರಷ್ಟೇ. ತಿಳಿದವರು ನಾಲ್ಕನೆಯದೂ ಇದೆ ಎನ್ನುತ್ತಾರೆ. ಅದು ಬಟ್ಟೆ ಬದಲಾಯಿಸುವುದು. ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಹೋಗುವಾಗ ಗಡಿಯಾರ ನಿಲ್ಲುವುದಿಲ್ಲ. ಟ್ರಾನ್ಸಿಷನ್ ಎಂಬ ಬೇಲಿಯೊಳಗೆ ನೂರಾರು ಜನ ಒದ್ದೆ ಮೈಯಲ್ಲಿ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿರುತ್ತಾರೆ. ಕೆರೆಯ ಕೆಸರು ಮೆತ್ತಿದ ಪಾದವನ್ನು ಹಾಗೇ ಶೂಗೆ ತುರುಕಿದರೆ ಮುಂದೆ ಬೊಬ್ಬೆ. ಅದಕ್ಕೇ ನನ್ನ ಪಟ್ಟಿಯಲ್ಲಿ ಮೊದಲನೆಯದು ಪ್ಲಾಸ್ಟಿಕ್ ಟಬ್ಬು.

‘ಮಗೂಗೆ ಎಷ್ಟು ತಿಂಗಳು ಸಾರ್?’ ಅಂದ ಅಂಗಡಿಯವನು.

‘ಮಗೂಗಲ್ಲಪ್ಪ, ನನಗೆ. ಕಾಲು ತೊಳ್ಕೊಳೋಕೆ.’

ಅವನ ಮುಖ ಮೆತ್ತಗಾಯಿತು. ‘ಶುಗರ್ರಾ ಸಾರ್? ನಮ್ಮಪ್ಪಂಗೂ ಇದೆ. ಬಿಸಿನೀರು ಹಾಕ್ಬೇಡಿ ಮತ್ತೆ.’

ಟಬ್ಬಿಗೆ ಐದು ರೂಪಾಯಿ ಕಡಿಮೆಯೂ ಮಾಡಿದ. ಸುಳ್ಳು ರೋಗದ ರಿಯಾಯಿತಿ ತೆಗೆದುಕೊಳ್ಳಬಾರದೆಂದು ಕೆರೆ, ಸೈಕಲ್ಲು, ಓಟ ಎಲ್ಲವನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಗೆದ್ರೆ ಎಷ್ಟು ಕೊಡ್ತಾರೆ?’ ಅಂದ.

ಒದ್ದೆ ಕೈಯಲ್ಲಿ ಶೂ ಲೇಸು ಕಟ್ಟುತ್ತ ಕೂತರೆ ಹೊತ್ತು ಹೋಗುತ್ತದೆ. ಆದ್ದರಿಂದ ಲೇಸಿನ ಜಾಗಕ್ಕೆ ಎಲಾಸ್ಟಿಕ್ ಹಾಕುವುದು ಟ್ರಯಾಥ್ಲಾನಿನವರ ಹಳೆಯ ಉಪಾಯ. ಚಿಕ್ಕಪೇಟೆಯಲ್ಲಿ ದರ್ಜಿಗಳ ಸಾಮಾನಿನ ಅಂಗಡಿಗೆ ಹೋದೆ.

‘ಲಂಗಕ್ಕೋ, ಪೈಜಾಮಕ್ಕೋ?’

‘ಶೂಗೆ.’

‘ಶೂ ಜಾರ್ತಾ ಇದೆಯಾ?’

‘ಇಲ್ಲ, ಅರ್ಧ ನಿಮಿಷ ಉಳಿಯತ್ತೆ.’

‘ಉಳಿಸಿ ಏನ್ಮಾಡ್ತೀರಾ?’ ಅಂದರು ಯಜಮಾನರು. ವ್ಯಂಗ್ಯವಿರಲಿಲ್ಲ; ವ್ಯಾಪಾರಿಗೆ ಉಳಿತಾಯ ಎಲ್ಲಿ ಹೂಡಿಕೆಯಾಗುತ್ತದೆ ಎಂಬ ಸಹಜ ಕುತೂಹಲ. ಉತ್ತರ ಹುಡುಕುವಷ್ಟರಲ್ಲಿ ಆ ಅರ್ಧ ನಿಮಿಷ ಅಲ್ಲೇ ಖರ್ಚಾಯಿತು. ಎರಡು ಗಜ ಎಲಾಸ್ಟಿಕ್ ಅಳೆದು ಕತ್ತರಿಸುತ್ತ ಅವರೂ ಕೇಳಿದರು: ‘ಗೆದ್ರೆ ಎಷ್ಟು ಕೊಡ್ತಾರೆ?’

ಆಹಾರದ ಸರದಿ. ಇಂಥ ದೀರ್ಘ ಓಟಗಳಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯಂಶ ಹೊಟ್ಟೆಗೆ ಬೀಳುತ್ತಿರಬೇಕು. ಅದಕ್ಕೆಂದು ಜೆಲ್ ಎಂಬ ಅಂಟು ಪೊಟ್ಟಣಗಳು ಬರುತ್ತವೆ. ಬೆಲೆ ಕೇಳಿದರೇ ಒಂದು ಗಂಟೆ ಹಸಿವಾಗುವುದಿಲ್ಲ. ನ್ಯೂ ತರಗುಪೇಟೆಯ ಬೆಲ್ಲದ ಮಂಡಿಯಲ್ಲಿ ಕಾಲು ಕೆಜಿ ಕೇಳಿದೆ. ಮಂಡಿಯವರು ಮೂಟೆಯ ಲೆಕ್ಕದವರು. ‘ಮದುವೇಗಾ? ಎಷ್ಟು ಜನ?’ ‘ಓಡೋಕೆ. ನಾನೊಬ್ನೇ.’ ಅವರು ಒಡೆದ ಅಚ್ಚೊಂದನ್ನು ಎತ್ತಿ ಕೈಗಿಟ್ಟು, ‘ದುಡ್ಡು ಬೇಡ, ತಿನ್ಕೊಳಿ’ ಎಂದು ಕಳಿಸಿದರು. ಪ್ರಾಯೋಜಕತ್ವ ಎಂದು ಪತ್ರಿಕೆಗಳಲ್ಲಿ ಓದಿದ್ದೆ; ಹೀಗಿರುತ್ತದೆಂದು ಗೊತ್ತಿರಲಿಲ್ಲ.

ಒದ್ದೆ ಚಡ್ಡಿಯಲ್ಲಿ ಮೂವತ್ತು ಕಿ.ಮೀ. ಸೈಕಲ್ಲು ತುಳಿದರೆ ಆಗುವ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಹರಳೆಣ್ಣೆ ಕೇಳಿದೆ. ‘ಹೊಟ್ಟೆಗೋ ತಲೆಗೋ?’ ‘ತೊಡೆ ಸಂದಿಗೆ.’ ಅವರು ರೆಪ್ಪೆ ಅಲುಗಿಸಲಿಲ್ಲ. ಅಶ್ವಗಂಧದಿಂದ ಹಿಡಿದು ಹೋಮದ ಸಮಿತ್ತಿನವರೆಗೆ ಮಾರುವವರಿಗೆ ಮನುಷ್ಯದೇಹದ ಬಗ್ಗೆ ಹೊಸದಾಗಿ ಹೇಳುವುದೇನಿದೆ?

ಹೊರಗೆ ಪಂಕ್ಚರ್ ಅಂಗಡಿಯ ಹುಡುಗನಿಗೆ ಮಾತ್ರ ನೋವಾಯಿತು. ಮಣ್ಣುದಾರಿಗೆ ಟೈರು ಮೆತ್ತಗಿರಬೇಕು, ಆಗಲೇ ಕಲ್ಲನ್ನೂ ಬೇರನ್ನೂ ಹಿಡಿದುಕೊಂಡು ಹೋಗುವುದು. ಅವನೋ ಬಾರಿಸಿದರೆ ತಮಟೆಯಾಗುವಷ್ಟು ಗಾಳಿ ತುಂಬಿದ್ದ. ‘ಮೂವತ್ತರ ಒಳಗೆ ಇಳಿಸಪ್ಪ’ ಅಂದೆ. ‘ಗಾಳಿ ಹಾಕೋಕೆ ದುಡ್ಡು ಕೊಡ್ತಾರೆ ಅಂಕಲ್, ತೆಗಿಯೋಕೆ ಯಾರೂ ಕೊಡಲ್ಲ’ ಎಂದು ಬೇಜಾರಿನಿಂದಲೇ ವಾಲ್ವು ಒತ್ತಿದ.

ಎಲ್ಲರದೂ ಕಡೆಗೆ ಅದೇ ಪ್ರಶ್ನೆ, ಗೆದ್ದರೆ ಎಷ್ಟು? ನನ್ನದೂ ಅದೇ ಉತ್ತರ: ನಾನು ಗೆಲ್ಲುವುದಿಲ್ಲ, ಸೋಲುವುದಕ್ಕೆ ನಾನೇ ಸಾವಿರಾರು ರೂಪಾಯಿ ಕಟ್ಟಿದ್ದೇನೆ. ಕೋಸಿನ ಮೂಟೆ ಹೊತ್ತು ‘ಸೈಡ್, ಸೈಡ್’ ಎಂದು ಬರುತ್ತಿದ್ದ ಹಮಾಲಿಯೊಬ್ಬರು ಈ ಮಾತು ಕಿವಿಗೆ ಬಿದ್ದು ನಿಂತೇಬಿಟ್ಟರು. ಬೆಳಗಿನ ಜಾವ ಮೂರರಿಂದ ಕೊಳೆತ ಸೊಪ್ಪು, ಬಾಳೆಸಿಪ್ಪೆ, ಕೆಸರಿನ ಮೇಲೆ ತೂಕ ಹೊತ್ತು ಓಡುವ ಅವರದೇ ಅಸಲಿ ಆಫ್‌ರೋಡ್. ಅದಕ್ಕೆ ಕೂಲಿ ಇದೆ. ‘ದುಡ್ಡು ಕೊಟ್ಟು ಓಡ್ತೀರಾ?’ ಎಂದು ಒಮ್ಮೆ ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದರು. ಮಾರ್ಕೆಟ್ಟಿನಲ್ಲಿ ಪ್ರತಿಯೊಂದಕ್ಕೂ ಒಂದು ದರವಿದೆ. ಕರಿಬೇವಿಗೆ, ಬಾಳೆ ಎಲೆಗೆ, ನಿನ್ನೆಯ ಹೂವಿಗೂ ಇದೆ. ನನ್ನ ಬೆವರು ಮಾತ್ರ ಯಾವ ತಕ್ಕಡಿಗೂ ಬೀಳದೆ ಅವರಿಗೆಲ್ಲ ಇರುಸುಮುರುಸು ತಂದಿತ್ತು.

ತಕ್ಕಡಿ ಹುಡುಕಿಕೊಟ್ಟವರು ಹೂವಿನವರು. ಸೈಕಲ್ಲಿಗೆ ಪೂಜೆ ಮಾಡದೆ ಗುಡ್ಡಕ್ಕೆ ಕಳಿಸುವುದಿಲ್ಲ ಎಂದು ಮನೆಯಲ್ಲಿ ಆಜ್ಞೆಯಾಗಿತ್ತು. ಸೇವಂತಿಗೆಯ ರಾಶಿಯ ಹಿಂದೆ ಕೂತಿದ್ದ ಹಿರಿಯ ಹೆಂಗಸಿನ ಬಳಿ ಎರಡು ಮಾರು ಕೇಳಿದೆ.

‘ಯಾವ ಗಾಡಿಗಣ್ಣ?’

ಸೈಕಲ್ಲು ಎಂದೆ. ಯಾಕೆ ಎಂದರು. ಹೇಳಿದೆ: ಮೊದಲು ನೀರು, ಆಮೇಲೆ ಗುಡ್ಡ, ಆಮೇಲೆ ಕಾಡುದಾರಿ, ಬೆಳಿಗ್ಗೆ ಹೊರಟರೆ ಮಧ್ಯಾಹ್ನ. ಗೆದ್ದರೆ ಎಷ್ಟು ಎಂಬ ಪ್ರಶ್ನೆಗೆ ಉತ್ತರವನ್ನು ನಾಲಿಗೆಯ ತುದಿಗೆ ತಂದುಕೊಂಡು ನಿಂತೆ. ಅವರು ಕೇಳಿದ್ದು ಬೇರೆ.

‘ಹರಕೆನಾ?’

ಅವರ ಯಜಮಾನರು ಪ್ರತಿ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಂತೆ. ಕನಕಪುರ, ರಾಮನಗರ, ಬೆಂಗಳೂರಿನ ಕಡೆಯಿಂದ ಹಾಗೆ ಸಾವಿರಾರು ಜನ ಹೋಗುತ್ತಾರೆ. ಸಂಗಮದ ಹತ್ತಿರ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಹಗ್ಗ ಹಿಡಿದು, ಎದೆಮಟ್ಟದ ನೀರಿನಲ್ಲಿ ಗಂಟನ್ನು ತಲೆಯ ಮೇಲಿಟ್ಟುಕೊಂಡು ದಾಟುತ್ತಾರೆ. ಆಚೆ ಆನೆ ಓಡಾಡುವ ಕಾವೇರಿ ವನ್ಯಧಾಮದ ಕಾಡು. ಅದು ಮುಗಿದರೆ ಎಪ್ಪತ್ತೇಳು ಮಲೆಯ ಏರು. ಟಬ್ಬಿಲ್ಲ, ಎಲಾಸ್ಟಿಕ್ಕಿಲ್ಲ, ಎಷ್ಟೋ ಜನಕ್ಕೆ ಚಪ್ಪಲಿಯೂ ಇಲ್ಲ. ಹವಾಯಿಯವರು ಇದನ್ನು ಕಂಡಿದ್ದರೆ 1996ರವರೆಗೆ ಕಾಯುತ್ತಿರಲಿಲ್ಲ.

‘ನಿಮ್ದರಲ್ಲಿ ಸೈಕಲ್ ಒಂದು ಜಾಸ್ತಿ’ ಎಂದು ಅವರು ಲೆಕ್ಕ ಕೂಡಿಸಿದರು. ‘ಬರಿಗಾಲಾ?’

‘ಇಲ್ಲ, ಶೂ.’

‘ಹೋಗ್ಲಿ ಬಿಡಿ. ಪ್ಯಾಟೆಯವ್ರು’ ಎಂದು ಕ್ಷಮಿಸಿ, ಎರಡು ಮಾರಿಗೆ ಒಂದು ಮೊಳ ಕೊಸರು ಹಾಕಿದರು. ಅಷ್ಟರಲ್ಲಿ ಪಕ್ಕದ ಅಂಗಡಿಗೆ, ಅದರ ಪಕ್ಕಕ್ಕೆ ಸುದ್ದಿ ಹೋಯಿತು: ಹರಕೆಯಂತೆ. ಎಲ್ಲರ ಹಣೆಯ ಗೆರೆ ಸಡಿಲವಾಯಿತು. ಉರುಳುಸೇವೆ ಮಾಡುವವನನ್ನು ಎಷ್ಟು ನಿಮಿಷಕ್ಕೆ ಉರುಳಿದೆ ಎಂದು ಯಾರು ಕೇಳುತ್ತಾರೆ? ಗೆದ್ದವರು ಯಾರು ಎಂದು ಯಾರು ಕೇಳುತ್ತಾರೆ? ಹರಕೆ ಹೊತ್ತವನಿಗೆ ಕೈಯಿಂದ ಖರ್ಚು ಮಾಡುವ ಹಕ್ಕಿದೆ, ನಿಧಾನಕ್ಕೆ ಹೋಗುವ ಹಕ್ಕಿದೆ, ಅಳುವ ಹಕ್ಕೂ ಇದೆ. ನನ್ನಂಥ ಹವ್ಯಾಸಿಗೆ ಬೇಕಾದ ಸಕಲ ಸವಲತ್ತೂ ಆ ಒಂದು ಖಾತೆಯಲ್ಲಿತ್ತು.

ಸ್ಪರ್ಧೆ ನಡೆದದ್ದು ಊರಾಚೆಯ ಒಂದು ಕೆರೆಯಲ್ಲಿ. ದಡದ ಕರಿಬಂಡೆಯೊಂದನ್ನು ಗುರುತಿಟ್ಟುಕೊಂಡು ಈಜುತ್ತಿದ್ದೆ. ಅರ್ಧ ದಾರಿಯಲ್ಲಿ ಬಂಡೆ ಎದ್ದು, ಬಾಲ ಬೀಸಿ, ಮೇಯಲು ಹೋಯಿತು. ಗುಡ್ಡದಲ್ಲಿ ಕೆಲವು ಕಡೆ ಸೈಕಲ್ಲು ನನ್ನನ್ನು ಹೊತ್ತಿತು, ಹಲವು ಕಡೆ ನಾನು ಅದನ್ನು. ಹ್ಯಾಂಡಲ್ಲಿನ ಸೇವಂತಿಗೆ ಟ್ರಾನ್ಸಿಷನ್ ಬೇಲಿಯಲ್ಲಿ ಒಬ್ಬ ತೀರ್ಪುಗಾರರ ಕಣ್ಣಿಗೆ ಬಿತ್ತು. ತನ್ನ ಜಾಗ ಗೊತ್ತಾಗಲೆಂದು ಬಲೂನು, ಟವೆಲು ಕಟ್ಟಿ ಗುರುತು ಮಾಡುವುದು ಈ ಆಟದಲ್ಲಿ ನಿಷಿದ್ಧ. ‘ಇದು ಗುರುತಾ?’ ಎಂದರು. ‘ಪೂಜೆ ಸಾರ್’ ಎಂದೆ. ನಿಯಮಾವಳಿಯಲ್ಲಿ ಅದಕ್ಕೆ ಕಲಮು ಇರಲಿಲ್ಲ. ಕೈ ಮುಗಿದು ಬಿಟ್ಟರು. ಓಟದ ಹೊತ್ತಿಗೆ ರಾಗಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅಜ್ಜಿಯೊಬ್ಬರು, ‘ಬಾಕಿಯೋರೆಲ್ಲ ಆಗ್ಲೇ ಹೋದ್ರು ಕಣಪ್ಪ, ನೀನ್ಯಾಕೆ ಸುಮ್ನೆ ಓಡ್ತೀಯ, ಬಾ ನೀರು ಕುಡಿ’ ಎಂದು ಚೊಂಬು ಕೊಟ್ಟರು. ಕುಡಿದೆ. ಎಲಾಸ್ಟಿಕ್ಕಿನಲ್ಲಿ ಉಳಿಸಿದ ಅರ್ಧ ನಿಮಿಷವನ್ನು ಏನು ಮಾಡುವುದೆಂದು ಆಗ ಗೊತ್ತಾಯಿತು. ಕಡೆಯವನಾಗಿ ಬಂದ ನನ್ನ ಕೊರಳಿಗೂ ಪದಕ ಹಾಕಿದರು.

ಪದಕ ನೋಡಲು ಹೂವಿನಮ್ಮನಿಗೆ ಆಸೆಯಿತ್ತು. ತಿರುಗಿಸಿ ನೋಡಿ, ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟರು. ‘ಹರಕೆ ತೀರ್ತಾ?’

‘ಮುಂದಿನ ವರ್ಷವೂ ಹೋಗ್ಬೇಕು ಅಂತಿದೀನಿ.’

‘ಏನು ಕೇಳ್ಕೊಂಡಿದ್ರಿ?’

ಏನೂ ಇಲ್ಲ ಎಂದೆ. ಅವರಿಗೆ ಸಿಟ್ಟೇ ಬಂತು. ‘ಏನೂ ಕೇಳ್ದೆ ಹಿಂಗೆ ಮೈಕೈ ನೋಯಿಸ್ಕೊಂಡ್ರೆ ದೇವ್ರಿಗೂ ಲೆಕ್ಕ ತಪ್ಪೋಗತ್ತಣ್ಣ. ಕೊಡೋನು ಏನಂತ ಕೊಡ್ಬೇಕು? ಒಂದಾದ್ರೂ ಕೇಳ್ಕೊಳಿ.’

ಯೋಚಿಸಿದೆ. ವೇಗ ಕೇಳುವ ವಯಸ್ಸಲ್ಲ, ಗೆಲುವು ಕೇಳುವ ಧೈರ್ಯವಿಲ್ಲ. ಕೊನೆಗೆ ನ್ಯಾಯವಾದದ್ದೊಂದು ಹೊಳೆಯಿತು. ‘ಮುಂದಿನ ಸಲ ನನಗಿಂತ ನಿಧಾನದವನು ಒಬ್ಬ ಬರ್ಲಿ ಅಂತ ಕೇಳ್ಕೋತೀನಿ.’

‘ಕೇಳ್ಕೊಳಿ, ಖಂಡಿತ ಕೊಡ್ತಾನೆ’ ಎಂದು ಅವರು ಸೇವಂತಿಗೆಯ ಮೇಲೆ ನೀರು ಚಿಮುಕಿಸಿದರು. ‘ಅವ್ನೂ ಹೂವಿಗೆ ಇಲ್ಲಿಗೇ ಬರ್ಲಿ ಅಂತ ಸೇರಿಸ್ಕೊಳಿ.’