ಸಿರಸಂಗಿಯಿಂದ ಮುಂಬೈಗೆ: ಬ್ಯಾಂಕ್ ಅರ್ಥಶಾಸ್ತ್ರಜ್ಞನನ್ನು ತಯಾರಿಸುವ ಕೈಪಿಡಿ

ಬೇಕಾಗುವ ಸಾಮಾನು: ಬೆಳಗಾವಿ ಜಿಲ್ಲೆಯ ಸಿರಸಂಗಿಯ ಒಬ್ಬ ಹುಡುಗ, ಎರೆಹೊಲದ ಒಬ್ಬ ಅಪ್ಪ, ಇಸ್ತ್ರಿ ಮಾಡಿದ ಎರಡು ಅಂಗಿ.

ಹಂತ 1: ಹುಡುಗನನ್ನು ಧಾರವಾಡಕ್ಕೆ ಕಳಿಸಿ ಅರ್ಥಶಾಸ್ತ್ರದ ಎಂ.ಎ. ಮಾಡಿಸಿ. ಖರ್ಚಿನ ಮಾತು ಬಂದಾಗ ಹಿರಿಯರು ಸಿರಸಂಗಿಯವರೇ ಆದ ಲಿಂಗರಾಜ ದೇಸಾಯರ ಹೆಸರು ತೆಗೆಯುತ್ತಾರೆ. 1906ರಲ್ಲಿ ತೀರಿಕೊಂಡ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದೇ ಬಿಟ್ಟುಹೋದವರು. ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ ಲಿಂಗರಾಜ ಕಾಲೇಜು ಅವರ ಹೆಸರಿನದೇ. ಈ ಹೂಡಿಕೆಗೆ ಪಠ್ಯಪುಸ್ತಕದಲ್ಲಿ ಸೂತ್ರವಿಲ್ಲ, ಹುಡುಕಬೇಡಿ.

ಹಂತ 2: ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಪರೀಕ್ಷೆ ಪಾಸು ಮಾಡಿಸಿ. ಊರವರು "ಬ್ಯಾಂಕಿನ್ಯಾಗ ನೌಕರಿ ಹತ್ತೇತಿ, ಪಾಸ್‌ಬುಕ್ ಎಂಟ್ರಿ ಮಾಡತಾನ" ಎನ್ನುತ್ತಾರೆ. ತಿದ್ದಬೇಡಿ.

ಹಂತ 3: ಒಂದು ಅಂಕಿ ಬಾಯಿಪಾಠ ಮಾಡಿಸಿ: 4. ಹಣದುಬ್ಬರ ಶೇ 4 ಇರಬೇಕು. ಎರಡು ಮೇಲೆ, ಎರಡು ಕೆಳಗೆ ಆದರೂ ನಡೆಯುತ್ತದೆ. ಇದನ್ನು ಕಾಯಲು 2016ರಿಂದ ಆರು ಜನರ ಸಮಿತಿ ಇದೆ. ಅವರಿಗಾಗಿ ಬರೆಯುವ ಟಿಪ್ಪಣಿಯಲ್ಲಿ "ಮುಂಗಾರಿನ ಅನಿಶ್ಚಿತತೆ" ಎಂಬ ಮಾತು ಇರಲೇಬೇಕು. ಅಪ್ಪ ಇದನ್ನೇ ಮೋಡ ನೋಡಿ ಸಂಬಳವಿಲ್ಲದೆ ಹೇಳುತ್ತಿದ್ದ.

ಹಂತ 4: ಹತ್ತು ವರ್ಷ ಕಳೆದ ಮೇಲೆ ಖಾಸಗಿ ಬ್ಯಾಂಕಿಗೆ ದಾಟಿಸಿ. ಸಮಿತಿ ಬಡ್ಡಿ ದರ ನಿರ್ಧರಿಸುವ ದಿನಕ್ಕೆ ಏಳು ದಿನ ಮೊದಲು, ಏಳು ದಿನ ಆಮೇಲೆ ಸಮಿತಿಯವರು ಬಾಯಿ ಬಿಡುವಂತಿಲ್ಲ. ಖಾಸಗಿ ಬ್ಯಾಂಕಿನವನು ಟಿವಿಯಲ್ಲಿ ಮಾತಾಡಬೇಕಾದದ್ದು ಆ ದಿನಗಳಲ್ಲೇ. 2022ರ ಮೇ ತಿಂಗಳಲ್ಲಿ ಸಮಿತಿ ವೇಳಾಪಟ್ಟಿ ಬಿಟ್ಟು ಸಭೆ ಸೇರಿ ಶೇ 4ರ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಏರಿಸಿತು. 2023ರ ಫೆಬ್ರುವರಿಗೆ ಅದು 6.5 ಮುಟ್ಟಿತು. ಊಹೆ ತಪ್ಪಿದರೆ "ನಾನು ಅಪಾಯ ಎರಡೂ ಕಡೆ ಇದೆ ಎಂದಿದ್ದೆ" ಎನ್ನಲಿ.

ಹಂತ 5: ಯುಗಾದಿಗೆ, ಕಾಳಿಕಾದೇವಿ ಜಾತ್ರೆಗೆ, ಊರಿಗೆ ಕರೆತನ್ನಿ. ನಿಜವಾದ ಪರೀಕ್ಷೆ ಇಲ್ಲಿದೆ.

ದೋಷ ಮತ್ತು ಪರಿಹಾರ:

ಕಟ್ಟೆಯ ಮೇಲೆ ಕಾಕಾ ಕೇಳುತ್ತಾನೆ: "ಏನಪಾ, ಬಡ್ಡಿ ಇಳಿಸ್ತೀರಂತಲ್ಲ, ಎಷ್ಟು?"

"ಕಾಲು ಪರ್ಸೆಂಟ್, ಕಾಕಾ."

"ತಿಂಗಳಿಗೋ?"

"ಅಲ್ಲರೀ, ವರ್ಷಕ್ಕ."

"ಸಾವಕಾರ ತಿಂಗಳಿಗೇ ನೂರಕ್ಕ ಎರಡು ಹಿಡೀತಾನ. ಸೊಸೈಟ್ಯಾಗ ನೋಡಿದ್ರ ಬೆಳೆಸಾಲಕ್ಕ ಬಡ್ಡೀನ ಇಲ್ಲ. ನಿಂದು ಯಾರಿಗಿ ಇಳೀತೈತೋ?"

ಇಲ್ಲಿ ಯಂತ್ರ ನಿಂತುಬಿಡುತ್ತದೆ. ಗಾಬರಿ ಬೇಡ. ವರ್ಷಕ್ಕೆ 24 ಒಂದು ಕಡೆ, ಸೊನ್ನೆ ಇನ್ನೊಂದು ಕಡೆ. ನಡುವಿನ ಕಾಲು ಪರ್ಸೆಂಟಿಗೆ ಇಡೀ ಜನ್ಮ ಹೋಗಿದೆ ಎಂಬುದು ಅವನಿಗೆ ಹೊಳೆದಿರುತ್ತದೆ, ಅಷ್ಟೇ. ಒಂದು ಲೋಟ ಚಹಾ ಕುಡಿಸಿ, ಮುಂಬೈ ಬಸ್ಸಿಗೆ ಹತ್ತಿಸಿ.

ಓದುಗರಿಗೆ ಸೂಚನೆ: ರೆಪೊ ಏರಲಿ, ಇಳಿಯಲಿ, ಸೊಸೈಟಿಯ ಸಾಲ ಅವಧಿಯೊಳಗೆ ಕಟ್ಟಿಬಿಡಿ. ತಪ್ಪಿದರೆ ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ.